ಹೆಂಡತಿಗೆ ಹಾಕಿದ ಪ್ರಶ್ನೆ

ಉತ್ತರ ಗೊತ್ತಿಲ್ಲದವನಿಗೆ ಪ್ರಶ್ನೆಯಷ್ಟು ದೊಡ್ಡ ಆಸರೆ ಇನ್ನೊಂದಿಲ್ಲ. ಕೇಳುತ್ತ ಕುಳಿತರೆ ಸಾಕು, ವಿಚಾರವಂತನೆಂದು ಹೆಸರು ಬರುತ್ತದೆ, ಕೆಲಸವೂ ತಪ್ಪುತ್ತದೆ. ಬೆಟಗೇರಿಯಲ್ಲಿ ಕೈಮಗ್ಗದ ಸೀರೆ ಮಾರುವ ನನಗೆ ಈ ಸುಖ ಸಿಕ್ಕಿದ್ದು ಗದಗಿನಲ್ಲಿ ವ್ಯಾಪಾರಸ್ಥರಿಗೆಂದು ನಡೆದ ತರಬೇತಿಯಲ್ಲಿ. ಊಟ ಚೆನ್ನಾಗಿರುತ್ತದೆಂದು ಕೇಳಿ ಹೋಗಿದ್ದೆ. ಅಲ್ಲಿ ಪಾಠ ಹೇಳಿದವರು, ವ್ಯಾಪಾರದಲ್ಲಿ ಮುಂದಾಲೋಚನೆ ಬೆಳೆಯಬೇಕಾದರೆ ದಿನವೂ ನಿಮಗೆ ನೀವೇ ಪ್ರಶ್ನೆ ಹಾಕಿಕೊಳ್ಳಿ ಎಂದರು. ನನಗೆ ನಾನೇ ಹಾಕಿಕೊಳ್ಳುವುದು ತ್ರಾಸೆನಿಸಿ, ಹೆಂಡತಿ ಗಿರಿಜೆಗೆ ಹಾಕತೊಡಗಿದೆ.

ಆಗ ನಾವು ಲಕ್ಷ್ಮೇಶ್ವರದಲ್ಲಿ ಇನ್ನೊಂದು ಅಂಗಡಿ ತೆರೆಯಬೇಕೆಂದಿದ್ದೆವು. ಬಸ್ ನಿಲ್ದಾಣದ ಹತ್ತಿರ ಒಳ್ಳೆಯ ಮಳಿಗೆ ಖಾಲಿ ಇತ್ತು. ಅದರ ಮಾಲೀಕರು, 'ಏನ್ ಮಾಡ್ತೀರಿ, ಜಲ್ದಿ ಹೇಳ್ರಿ' ಎಂದು ಫೋನ್ ಮಾಡುತ್ತಲೇ ಇದ್ದರು. ನಾನು ರೊಟ್ಟಿ ಬಡಿಯುತ್ತಿದ್ದ ಗಿರಿಜೆಯ ಮುಂದೆ ಕುಳಿತು, 'ಲಕ್ಷ್ಮೇಶ್ವರಾನೇ ಯಾಕ? ಶಿರಹಟ್ಟಿ ಯಾಕ ಬ್ಯಾಡ? ಮುಂಡರಗಿ ಏನ್ ತಪ್ಪ್ ಮಾಡೈತಿ?' ಎಂದು ಕೇಳಿದೆ.

'ಹಿಟ್ಟು ಯಾಕ ಬಿಸಿನೀರಾಗ ನಾದ್ತಾರಂತ ಕೇಳ್ರಿ, ಅದಕ್ಕಾದ್ರೂ ನನಗ ಉತ್ತರ ಗೊತ್ತೈತಿ' ಎಂದಳು.

ನಾನು ಸೋಲಲಿಲ್ಲ. ತರಬೇತಿಯ ಅತಿ ಕಠಿಣ ಪ್ರಶ್ನೆಯನ್ನೇ ಎಸೆದೆ. 'ನೀ ನನ್ನ ಎದುರಾಳಿ ಅಂತ ತಿಳ್ಕೊ. ನನ್ನ ಸೋಲಸಾಕ ಏನ್ ಮಾಡ್ತಿ?'

ಅವಳು ಹಂಚಿನ ಮೇಲಿನ ರೊಟ್ಟಿ ತಿರುವುವುದನ್ನೂ ಮರೆತು ಯೋಚಿಸಿದಳು. 'ನೀವು ವಿಚಾರ ಮಾಡೂದ್ರಾಗ ಆ ಮಳಿಗಿ ನಾ ಹಿಡೀತೀನಿ.'

ಎಂಥ ಉತ್ತರ! ಶಭಾಸ್ ಎಂದೆ. ಸೀದ ರೊಟ್ಟಿಯನ್ನೂ ತಕರಾರಿಲ್ಲದೆ ತಿಂದೆ.

ಆ ವಾರವೇ ಅವಳು ಶಿಗ್ಲಿಯ ತನ್ನ ಅಕ್ಕನನ್ನು ಜೊತೆ ಮಾಡಿಕೊಂಡು ಮಳಿಗೆ ಹಿಡಿದೇಬಿಟ್ಟಳು. ನನಗೆ ಗೊತ್ತಾದದ್ದು ಮಾಲೀಕರಿಂದ: 'ನಿಮ್ಮ ಮನಿಯವ್ರು ಭಾಳ ಚಲೋ ಅದಾರ್ರಿ, ಹೆಚ್ಚಿಗಿ ಏನೂ ಕೇಳಲಿಲ್ಲ.' ಸಿಟ್ಟು ಬಂತು. 'ನನ್ನ ಒಂದ್ ಮಾತ್ ಕೇಳಬಾರದಿತ್ತೇನ?' ಎಂದೆ.

'ಕೇಳಿದ್ರ ನೀವು ತಿರುಗಿ ನನ್ನ ಕೇಳ್ತಿದ್ರಿ' ಎಂದಳು.

ಈಗ ಶಿಗ್ಲಿ, ಬೆಳ್ಳಟ್ಟಿ, ಯಳವತ್ತಿಯ ಹೆಣ್ಣುಮಕ್ಕಳೆಲ್ಲ ಅವಳ ಅಂಗಡಿಯಲ್ಲೇ. ಬೆಟಗೇರಿಯಲ್ಲಿ ನಾನೊಬ್ಬನೇ. ಮೊನ್ನೆ ಹಳೆಯ ಗಿರಾಕಿಯೊಬ್ಬರು ಹೊಸ್ತಿಲಲ್ಲೇ ನಿಂತು, ಗಿರಿಜೆ ಕೂರುತ್ತಿದ್ದ ಜಾಗದತ್ತ ನೋಡಿ, 'ಅಕ್ಕಾರು ಇಲ್ಲೇನ್ರಿ?' ಎಂದರು. ಇಲ್ಲ, ನಾನೇ ತೋರಿಸುತ್ತೇನೆ ಬನ್ನಿ ಎಂದು, ಯಾವ ಬಣ್ಣ, ಎಂಥ ಅಂಚು, ಯಾರಿಗೆ, ಯಾವ ಕಾರ್ಯಕ್ಕೆ ಎಂದು ಹುರುಪಿನಿಂದ ವಿಚಾರಿಸಿದೆ. ಅವರು ಬಿಟ್ಟಿದ್ದ ಚಪ್ಪಲಿಯನ್ನು ಮತ್ತೆ ಮೆಟ್ಟಿಕೊಂಡು, 'ಇರ್ಲಿ ಬಿಡ್ರಿ, ನಮ್ಮ ತಂಗಿ ಲಕ್ಷ್ಮೇಶ್ವರದಾಗ ಅದಾಳ. ಹೆಂಗೂ ಹೋಗೂದೈತಿ' ಎಂದು ನಡೆದರು.

ಇಷ್ಟು ವರ್ಷ ಗಿರಾಕಿಗಳು ಬರುತ್ತಿದ್ದುದು ನನ್ನ ಮಾತಿನ ಚಾತುರ್ಯಕ್ಕೆಂದೇ ನಂಬಿದ್ದೆ. ಯಾರನ್ನಾದರೂ ಕೇಳಿ ಖಾತ್ರಿ ಮಾಡಿಕೊಳ್ಳಬಹುದು. ಆದರೆ ಈಚೆಗೆ ನಾನು ಪ್ರಶ್ನೆ ಕೇಳುವುದನ್ನು ಕಡಿಮೆ ಮಾಡಿದ್ದೇನೆ.