ಜಪಾನಿನ ಗಾಡಿಯೂ ಪಣಕಹಳ್ಳಿಯ ಮಾಲೀಕರೂ

ಪತ್ರಿಕೆ ಕೈಗೆ ಬಂದರೆ ನಾನು ಮೊದಲು ಹುಡುಕುವುದು ತಿದ್ದುಪಡಿಯನ್ನು. ಮುಖಪುಟದ ಸುದ್ದಿ ಅವಸರದಲ್ಲಿ ಬರೆದದ್ದು. ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲಾಗಿ ಮುದುರಿ ಕೂತಿರುವ ತಿದ್ದುಪಡಿ ಮಾತ್ರ ಯಾರೋ ತಲೆ ಕೆರೆದುಕೊಂಡು, ಯೋಚಿಸಿ ಬರೆದದ್ದು. ಮೈಸೂರಿನ ಪತ್ರಿಕೆಯೊಂದಕ್ಕೆ, ತಮಿಳುನಾಡಿಗೆ ಸೇರಿದ ತಾಳವಾಡಿ ಬೆಟ್ಟಗಳಿಂದ ವರದಿ ಕಳಿಸುವ ನನ್ನ ಇಷ್ಟು ವರ್ಷಗಳ ಕೆಲಸದಲ್ಲಿ ಎರಡೇ ತಿದ್ದುಪಡಿ ಬಂದಿವೆ. ಒಮ್ಮೆ ಅಧಿಕಾರಿಯೊಬ್ಬರ ಹುದ್ದೆಯನ್ನು ಒಂದು ಮೆಟ್ಟಿಲು ಮೇಲಕ್ಕೆ ಏರಿಸಿದ್ದೆ. ಅವರು ಬೇಸರಪಡಲಿಲ್ಲ, ಅವರ ಮೇಲಿನವರು ಪಟ್ಟರು. ಇನ್ನೊಮ್ಮೆ ಜೋಳದ ಹೊಲಕ್ಕೆ ನುಗ್ಗಿದ ಹೆಣ್ಣಾನೆಯನ್ನು ಗಂಡೆಂದು ಬರೆದೆ. ಎರಡನ್ನೂ ಒಪ್ಪಿಕೊಂಡು ನಿದ್ದೆ ಮಾಡಿದ್ದೇನೆ. ಮೂರನೆಯದು ಇನ್ನೂ ಅಚ್ಚಾಗಿಲ್ಲ. ಅದು ಒಂದು ಕಾರಿಗೆ ಸಂಬಂಧಿಸಿದ್ದು.

ಕಾರು ಜಪಾನಿನ ಕಂಪನಿಯೊಂದರದು. ಹೆಸರು ಬರೆಯುವುದಿಲ್ಲ, ಬರೆದರೆ ನಮ್ಮ ಜಾಹೀರಾತು ವಿಭಾಗದವರು ಬಿಲ್ಲು ಕಳಿಸುತ್ತಾರೆ. ಪೆಟ್ಟಿಗೆಯಂತೆ ಚಚ್ಚೌಕವಾದ, ಹತ್ತು ಜನ ಕೂರುವ, ನೋಡಲು ಯಾವ ಬೆಡಗೂ ಇಲ್ಲದ ಗಾಡಿ. ಜನ ಇನ್ನೂ ಕೇಳುತ್ತಿರುವಾಗಲೇ ಕಂಪನಿ ಆ ಮಾದರಿಯನ್ನು ನಿಲ್ಲಿಸಿತು. ಮರುವರ್ಷ ಮೈಸೂರಿನ ಟ್ರಾವೆಲ್ಸ್‌ನವರೊಬ್ಬರಿಂದ ನಾವು ಸೆಕೆಂಡ್ ಹ್ಯಾಂಡ್ ಕೊಂಡೆವು. ನಾವು ಎಂದರೆ ನನ್ನ ಹೆಂಡತಿ ಸರೋಜ. ಅವಳು ತಾಳವಾಡಿಯ ಕನ್ನಡ ಶಾಲೆಯಲ್ಲಿ ಟೀಚರ್. ಆರ್.ಸಿ. ಪುಸ್ತಕದಲ್ಲಿ ಹೆಸರು ಅವಳದ್ದು, ಸ್ಟಿಯರಿಂಗ್ ನನ್ನದು. ಇಬ್ಬರು ಮನುಷ್ಯರಿರುವ ಮನೆಗೆ ಹತ್ತು ಸೀಟು ಯಾಕೆಂದು ಕೇಳಿದ್ದೆ. "ಖಾಲಿ ಇದ್ದರೆ ಇರಲಿ ಬಿಡಿ" ಎಂದಿದ್ದಳು. ಅವು ಖಾಲಿ ಇದ್ದದ್ದು ಮೈಸೂರಿನಿಂದ ನಮ್ಮೂರು ಪಣಕಹಳ್ಳಿ ತಲುಪುವವರೆಗೆ ಮಾತ್ರ.

ಪಣಕಹಳ್ಳಿಗೆ ಬಸ್ಸು ಬರುವುದಿಲ್ಲವೆಂದಲ್ಲ. ಬರುತ್ತದೆ, ಬರದೆಯೂ ಇರುತ್ತದೆ. ಹೀಗಾಗಿ ನಮ್ಮ ಗಾಡಿ ಬಂದ ತಿಂಗಳೊಳಗೆ ಊರವರು ತಮ್ಮ ಕೆಲಸಗಳನ್ನು ಅದರ ಸುತ್ತ ಹೊಂದಿಸಿಕೊಂಡರು. ಯಾರೂ ಒತ್ತಾಯ ಮಾಡಿದವರಲ್ಲ. ಬೆಳಿಗ್ಗೆ ಬಂದು ಜಗಲಿಯ ತುದಿಯಲ್ಲಿ ಕೂರುವುದು, "ಇವತ್ತು ಎತ್ಲಾಗೆ ಪೇಪರಣ್ಣ?" ಎಂದು ಕೇಳುವುದು, ನಾನು ಯಾವ ದಿಕ್ಕು ಹೇಳಿದರೂ ಅವರಿಗೂ ಅತ್ತಲೇ ಕೆಲಸವಿರುವುದು. ಅವರದೊಂದು ಪದ್ಧತಿ ಬೆಳೆಯಿತು. ಹತ್ತುವ ಮೊದಲು ಚಪ್ಪಲಿ ಕಳಚುವುದು. ಹೊಲದಿಂದ ನೇರ ಬಂದ ಆಳುಗಳೂ ಕಾಲು ಒರೆಸಿ, ಚಪ್ಪಲಿಯನ್ನು ರಸ್ತೆ ಬದಿಯಲ್ಲಿ ಜೋಡಿಸಿಟ್ಟು ಹತ್ತುತ್ತಿದ್ದರು. ನಾವು ಚಾಮರಾಜನಗರಕ್ಕೆ ಹೋಗಿ ಬರುವವರೆಗೆ ಆ ಚಪ್ಪಲಿಗಳು ಅಲ್ಲೇ ಕಾದಿರುತ್ತಿದ್ದವು. ಪೇಟೆಯಲ್ಲಿ ಬರಿಗಾಲಲ್ಲಿ ಓಡಾಡುವ ಒಂಬತ್ತು ಜನರನ್ನು ಕಂಡರೆ ಅವರು ನನ್ನ ಗಾಡಿಯವರೆಂದು ಅಲ್ಲಿನ ಅಂಗಡಿಯವರು ಗುರುತಿಸುವಂತಾಗಿತ್ತು.

ಆ ದಿನಗಳಲ್ಲೇ ನಮ್ಮ ಪತ್ರಿಕೆಯ ವಾಹನ ಪುರವಣಿಯವರು ಆ ಕಂಪನಿಯ ಇತಿಹಾಸ ಮತ್ತು ಮಾಲೀಕರ ಅನಿಸಿಕೆ ಬರೆದುಕೊಡಿ ಎಂದರು. ಇತಿಹಾಸ ಓದಿ ನನಗೇ ಖುಷಿಯಾಯಿತು. ಅವರು ಮೊದಲು ಮಾಡುತ್ತಿದ್ದದ್ದು ಕಾರಲ್ಲ, ಮಗ್ಗ. ಒಂದು ನೂಲು ಕಡಿದರೂ ತಾನಾಗಿ ನಿಂತುಬಿಡುವ ಮಗ್ಗವನ್ನು ಒಬ್ಬ ಬಡಗಿಯ ಮಗ ಕಂಡುಹಿಡಿದ. ಅದರ ಹಕ್ಕು ಮಾರಿ ಬಂದದ್ದು ಅವನ ಮಗನ ಕಾರಿನ ಪ್ರಯೋಗಕ್ಕೆ ಒದಗಿತು. ಮುಂದೆ ಕಾರಿನ ಕಾರ್ಖಾನೆಯಲ್ಲೂ ಅದೇ ನಿಯಮ ಬಂತು. ಏನೋ ಸರಿಯಿಲ್ಲ ಎನಿಸಿದರೆ ಅತಿ ಸಣ್ಣ ಕೆಲಸಗಾರನೂ ತಲೆಯ ಮೇಲಿನ ಹಗ್ಗ ಎಳೆದು ಇಡೀ ಸಾಲನ್ನು ನಿಲ್ಲಿಸಬಹುದು. ಇದನ್ನೆಲ್ಲ ಚೊಕ್ಕವಾಗಿ ಬರೆದೆ. ತೊಡಕಾದದ್ದು ಮಾಲೀಕರ ಅನಿಸಿಕೆಯಲ್ಲಿ. ಕನಿಷ್ಠ ಮೂವರು ಮಾಲೀಕರು ಬೇಕು, ವರದಿಗಾರ ತನ್ನನ್ನೇ ಸಂದರ್ಶಿಸಿಕೊಳ್ಳಬಾರದು ಎಂಬುದು ನಮ್ಮ ಡೆಸ್ಕಿನ ನಿಯಮ. ನಾನು ವಿಚಾರಿಸಿದಷ್ಟು ದೂರದಲ್ಲಿ ಅಂಥ ಗಾಡಿ ಇದ್ದದ್ದು ಒಂದೇ, ಅದೂ ನಮ್ಮ ಮನೆ ಮುಂದೆ. ಅನಿಸಿಕೆಯಿಲ್ಲದೆ ಬರೀ ಇತಿಹಾಸ ಅಚ್ಚಾಯಿತು.

ಅದಾದ ಮೇಲೆ ಬಂದದ್ದು ತಾಳಮಲೆಯ ಸಭೆ. ಕಾಡಂಚಿನವರ ಅಹವಾಲು ಕೇಳಲು ದೊಡ್ಡ ಅಧಿಕಾರಿಗಳು ಬರುವವರಿದ್ದರು. ಅದೇ ದಿನ ನಮ್ಮ ಬೀದಿಯವರೊಬ್ಬರಿಗೆ ಹೆಣ್ಣು ನೋಡುವ ಶಾಸ್ತ್ರ. "ಅರ್ಧ ಗಂಟೆ ಕಣಣ್ಣ, ಎಣ್ ನೋಡುದ್ವಿ ಬಂದ್ವಿ" ಎಂದರು. ಹೆಣ್ಣನ್ನು ನೋಡಲು ಐದು ನಿಮಿಷ ಸಾಕಾಯಿತು. ಎರಡೂ ಕಡೆಯವರು ತಮ್ಮ ನೆಂಟಸ್ತಿಕೆ ಎಲ್ಲಿ ಸೇರುತ್ತದೆಂದು ಹುಡುಕಲು ಮೂರು ಗಂಟೆ ಬೇಕಾಯಿತು. ನಾನು ತಾಳಮಲೆ ಮುಟ್ಟಿದಾಗ ಶಾಮಿಯಾನ ಬಿಚ್ಚುತ್ತಿದ್ದರು. ಮರುದಿನ ಸುದ್ದಿ ಬೇರೆ ಪತ್ರಿಕೆಯಲ್ಲಿ ಬಂತು. ನಮ್ಮ ಡೆಸ್ಕಿನ ಮುಖ್ಯಸ್ಥರು ಫೋನಿನಲ್ಲಿ ಒಂದೇ ಪ್ರಶ್ನೆ ಕೇಳಿದರು: "ಆ ಕಾರಿನ ಮಾಲೀಕ ನೀನೋ, ನಿಮ್ಮೂರೋ?" ಫೋನ್ ಇಡುವಷ್ಟರಲ್ಲಿ ಗಾಡಿ ಮಾರಿಬಿಡುವುದೆಂದು ತೀರ್ಮಾನಿಸಿದೆ. ಸರೋಜಳಿಗೆ ಹೇಳಿದಾಗ ಅವಳು ಉತ್ತರಪತ್ರಿಕೆ ತಿದ್ದುತ್ತ "ಹೂಂ" ಎಂದಳು. ಅದನ್ನು ಒಪ್ಪಿಗೆ ಎಂದು ದಾಖಲಿಸಿಕೊಂಡೆ.

ಗಿರಾಕಿ ತಾನಾಗಿಯೇ ಸಿಕ್ಕರು. ಸತ್ಯಮಂಗಲದ ಚೆನ್ನಿಯಪ್ಪ ಎಂಬ ಮಗ್ಗದ ಮಾಲೀಕರು. ಮನೆಮಾತು ಕನ್ನಡ, ಓದು ಬರಹವೆಲ್ಲ ತಮಿಳು; ಗಾಡಿಗೆ ನಮ್ಮೂರವರಂತೆ ವಂಡಿ ಎನ್ನುವವರು. ನನ್ನ ಲೇಖನವನ್ನು ಮೈಸೂರಿನ ಬೀಗರು ಅವರಿಗೆ ಓದಿ ಹೇಳಿದ್ದರಂತೆ; ಅಂಥ ಗಾಡಿ ಎಲ್ಲಿ ಸಿಗುತ್ತದೆಂದು ಕೇಳಲು ನನಗೇ ಫೋನ್ ಮಾಡಿದ್ದರು. "ಮಗ್ಗದವರು ಮಾಡಿದ ವಂಡಿ ಅಂದ್ರೆ ನಮ್ಮವರು ಮಾಡಿದಂಗೇ ಅಲ್ವಾ ಸಾರ್? ಮಗಳ ಮದುವೆ ಇದೆ, ಈ ವಾರದಲ್ಲೇ ಬೇಕು" ಎಂದರು. ಭಾನುವಾರ ಬರುವುದೆಂದಾಯಿತು.

ಶನಿವಾರ ಮಾದಮ್ಮ ಬಂದಳು. ನಮ್ಮ ಪಕ್ಕದ ಮನೆಯವಳು; ಅವಳೂ ಗಂಡ ಸಿದ್ದನೂ ಕೂಲಿಗೆ ಹೋಗುವವರು. ನನ್ನೆದುರು ಏನೂ ಹೇಳದೆ ನೇರವಾಗಿ ಅಡುಗೆಮನೆಗೆ ಹೋದಳು. ಗೋಡೆಯಾಚೆಯಿಂದ ಎಲ್ಲ ಕೇಳಿಸುತ್ತಿತ್ತು.

"ಟೀಚರಕ್ಕ, ವಂಡಿ ಕೊಟ್ಬುಡ್ತೀರಂತಲ್ಲ, ನಿಜ್ವಾ? ನಮ್ ಮಂಗಳಂಗೆ ಇನ್ನೊಂದು ತಿಂಗ್ಳು ಕಣಕ್ಕ."

ಮಂಗಳ ಅವಳ ಮಗಳು. ಹೆರಿಗೆಗೆ ತವರಿಗೆ ಬಂದಿದ್ದಳು. ಎರಡು ವರ್ಷದ ಹಿಂದೆ, ಈ ಗಾಡಿ ಬರುವ ಮೊದಲು, ಹೀಗೇ ಬಂದಿದ್ದಳು. ನೋವು ಶುರುವಾದ ದಿನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು, ಬಾಡಿಗೆ ಜೀಪು ಬರುವಷ್ಟರಲ್ಲಿ ಹೊತ್ತು ಮೀರಿತ್ತು, ಮಗು ಉಳಿಯಲಿಲ್ಲ. ಬಸ್ಸು ಕೆಟ್ಟು ಪ್ರಯಾಣಿಕರ ಪರದಾಟ ಎಂದು ಆಗ ನಾನೇ ವರದಿ ಕಳಿಸಿದ್ದೆ. ನಾಲ್ಕು ಸಾಲು. ಅದರಲ್ಲಿ ತಪ್ಪೇನೂ ಇರಲಿಲ್ಲ. ಮಂಗಳಳೂ ಇರಲಿಲ್ಲ.

ನಾನು ಗೋಡೆಯ ಈಚೆಯಿಂದಲೇ, "ತಾಳವಾಡಿಯಲ್ಲಿ ಬಾಡಿಗೆ ಜೀಪು ಸಿಗುತ್ತೆ ಮಾದಮ್ಮ" ಎಂದೆ.

"ಸಿಕ್ತದೆ ಪೇಪರಣ್ಣ. ಸಿಕ್ಕುದ್ರೆ ಸಿಕ್ತದೆ" ಎಂದು ಅವಳು ಹೊರಟುಹೋದಳು. ಕೊಟ್ಟ ಮಾತು ತಪ್ಪಬಾರದೆಂದು ನನಗೆ ನಾನೇ ಹೇಳಿಕೊಂಡೆ. ಎರಡು ಸಲ ಹೇಳಿಕೊಳ್ಳಬೇಕಾಯಿತು.

ಭಾನುವಾರ ಚೆನ್ನಿಯಪ್ಪನವರು ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕುವಷ್ಟರಲ್ಲಿ ಊರು ಸೇರಿತ್ತು. ಹಿಂದಿನ ಸಂಜೆ ಮಾದಮ್ಮ ಏನು ಮಾಡಿದ್ದಳೆಂದು ಆಗ ತಿಳಿಯಿತು: ಗಾಡಿಯನ್ನು ಬೈದು ವ್ಯಾಪಾರ ಮುರಿಯಬೇಕು ಎಂದು ಎಲ್ಲರಿಗೂ ಹೇಳಿದ್ದಳು. ಹೇಗೆ ಬೈಯಬೇಕು ಎಂದು ಮಾತ್ರ ಹೇಳಿಕೊಟ್ಟಿರಲಿಲ್ಲ. ಮೊದಲು ಸಿದ್ದ ಮುಂದೆ ಬಂದ.

"ಇದಾ ಸಾಮಿ? ಇದು ಡೀಸೆಲ್ ಕುಡುಕ ಕಣಿ. ಮೊನ್ನೆ ಆಕುಸುದ್ದು, ಚಾಮ್ರಾಜ್ನಗರಕ್ಕೆ ಮೂರ್ ಸಲ ಓಗ್ಬಂದ್ವಿ, ತಾಳಮಲೆಗೆ ಎರಡ್ ಸಲ. ಅಷ್ಟುಕ್ಕೇ ಖಾಲಿ!"

ಚೆನ್ನಿಯಪ್ಪನವರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಮುಖ ಅರಳಿತು.

ಮಾದಮ್ಮ ಗಂಡನನ್ನು ಪಕ್ಕಕ್ಕೆ ತಳ್ಳಿದಳು. "ನೀ ಸುಮ್ಕಿರು, ಬಾಯ್ ಬುಡ್ಬೇಡ. ಅಣ್ಣೋ, ನಾ ಯೋಳ್ತೀನಿ ಕೇಳಿ. ಇದ್ರಲ್ಲಿ ಬಲವೇ ಇಲ್ಲ. ಓದ್ ತಿಂಗ್ಳು ದಿಂಬಂನಿಂದ ಬರೋವಾಗ ನಾವು ಅನ್ನೆಲ್ಡು ಜನ, ಎಲ್ಡು ಮೂಟೆ ರಾಗಿ, ಒಂದು ಮೇಕೆ. ಅಷ್ಟುಕ್ಕೇ ಉಬ್ಬಲ್ಲಿ ಒಸಿ ನಿಧಾನ ಆಗೋಯ್ತು!"

"ನಿಂತೋಯ್ತಾ?"

"ನಿಂತಿಲ್ಲ. ನಿಲ್ಲದು ಯಾಕೆ? ನಿಧಾನ ಆಯ್ತು ಅಂದೆ."

ಮೂರನೆಯವನು ತಾಳಮಲೆಯ ಜಡೆಯ. ಸೋಲಿಗರವನು, ಜೇನು ತರುವವನು, ಅಳೆದು ಮಾತಾಡುವವನು. "ಈ ವಂಡಿ ಸದ್ದೇ ಮಾಡಕಿಲ್ಲ. ಬತ್ತಾ ಇರೋದು ಆನೆಗೆ ಗೊತ್ತೇ ಆಗಕಿಲ್ಲ. ಅದು ತಪ್ಪು. ಕಾಡಲ್ಲಿ ಬರೋನು ಬತ್ತೀನಿ ಅಂತ ಯೋಳ್ಬೇಕು" ಎಂದ. ಚೆನ್ನಿಯಪ್ಪನವರು ಬಾಗಿಲು ತೆಗೆದು ಒಳಗೆ ನೋಡಿದರು. "ಏನ್ ಸಾರ್, ಕೆಳಗಿನ ಮ್ಯಾಟು ಕಂಪನಿಯಿಂದ ಬಂದಂಗೇ ಇದೆ! ಯಾರೂ ಹತ್ತೇ ಇಲ್ವಾ?" ಎಂದರು. ಚಪ್ಪಲಿ ಕಳಚಿ ಕಳಚಿ ಊರವರೇ ಅದನ್ನು ಹಾಗೆ ಉಳಿಸಿದ್ದರು.

ಅಧಿಕಾರಿಗಳು, ಅಭ್ಯರ್ಥಿಗಳು, ಗುತ್ತಿಗೆದಾರರು ಹೇಳುವ ಸುಳ್ಳನ್ನು ಎಷ್ಟೋ ಬರೆದುಕೊಂಡಿದ್ದೇನೆ. ಇಷ್ಟು ಕಳಪೆ ಸುಳ್ಳನ್ನು ನಾನು ಕೇಳಿರಲಿಲ್ಲ. ಪುರವಣಿಗೆ ಸಿಗದ ಮಾಲೀಕರ ಅನಿಸಿಕೆ, ಮೂವರಿಂದ, ನಿಯಮಕ್ಕೆ ಸರಿಯಾಗಿ, ನನ್ನ ಅಂಗಳದಲ್ಲಿ ತಾನಾಗಿ ಬಂದು ನಿಂತಿತ್ತು. ಮಾದಮ್ಮನ ಮುಖ ಮಾತ್ರ ಇಳಿದುಹೋಗಿತ್ತು. ತಾನು ಬೈದಷ್ಟೂ ಗಿರಾಕಿಯ ಕೈ ಕೀಲಿಯ ಕಡೆ ಹತ್ತಿರವಾಗುತ್ತಿರುವುದು ಅವಳಿಗೂ ಕಾಣುತ್ತಿತ್ತು.

ಚೆನ್ನಿಯಪ್ಪನವರು ಹರಟೆಯ ಲಹರಿಯಲ್ಲಿದ್ದರು. ಪಕ್ಕದ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತ ಕೂತಿದ್ದ ಮಂಗಳಳ ಕಡೆ ತಿರುಗಿ, "ನೀನೊಬ್ಬಳು ಬಾಕಿ. ನೀನೇನಮ್ಮ ಹೇಳ್ತೀಯ?" ಎಂದರು.

ಅವಳಿಗೆ ತಾಯಿ ಏನೂ ಹೇಳಿರಲಿಲ್ಲವೋ, ಹೇಳಿದ್ದರೂ ಕೇಳಲಿಲ್ಲವೋ. "ಚೆಂದಾಗದೆ ಕಣಣ್ಣ. ನಾನಿನ್ನೂ ಕೂತಿಲ್ಲ. ಮುಂದ್ಲ ತಿಂಗ್ಳು ಕೂತ್ಕತ್ತೀನಿ ಅನ್ಕಂಡಿದ್ದೆ" ಎಂದು ಮತ್ತೆ ಕಾಯಿಗೆ ಕೈ ಹಾಕಿದಳು.

ಚೆನ್ನಿಯಪ್ಪನವರು ನನ್ನ ಕಡೆ ತಿರುಗಿದರು. "ಸಾರ್, ಇವರದೆಲ್ಲ ಕೇಳ್ದೆ. ನೀವು ಪೇಪರ್‌ನವರು, ನಿಮ್ಮ ಬಾಯಿಂದ ಒಂದೇ ಮಾತು ಸಾಕು. ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಇದು ಸಲೀಸಾಗಿ ಹತ್ತುತ್ತಾ?"

ಆ ಗಾಡಿ ಅಷ್ಟೂ ತಿರುವುಗಳನ್ನು ನಾಲ್ಕು ಮೆಟ್ಟಿಲು ಹತ್ತಿದಂತೆ ಹತ್ತುತ್ತದೆ. ಹಾಗೆಂದೇ ಹೇಳಲು ಬಾಯಿ ತೆರೆದೆ. ಬಂದದ್ದು ಬೇರೆ. "ಹತ್ತುತ್ತೆ. ಆದರೆ ಒಮ್ಮೊಮ್ಮೆ ನಡುವೆ ತಾನಾಗಿ ನಿಂತುಬಿಡುತ್ತೆ" ಎಂದೆ.

"ಯಾಕೆ?"

"ಯಾಕೆ ಅಂತ ಈವರೆಗೆ ಯಾರಿಗೂ ಗೊತ್ತಾಗಿಲ್ಲ."

ಅವರು ನನ್ನನ್ನು ನೋಡಿದರು, ಮಂಗಳಳನ್ನು ನೋಡಿದರು, ಕೈಗೆತ್ತಿಕೊಂಡಿದ್ದ ಕೀಲಿಯನ್ನು ಮತ್ತೆ ಜಗಲಿಯ ಮೇಲಿಟ್ಟರು. ಸರೋಜ ತಂದ ಮಜ್ಜಿಗೆಯನ್ನು ಪೂರ್ತಿ ಕುಡಿದು ಎದ್ದರು. "ಸಾರ್, ನಲವತ್ತು ವರ್ಷ ಮಗ್ಗದ ಜೊತೆ ಇದ್ದೀನಿ. ತಾನಾಗಿ ನಿಂತರೆ ಎಲ್ಲೋ ನೂಲು ಕಡಿದಿದೆ ಅಂತಲೇ ಅರ್ಥ. ನನಗೆ ಗೊತ್ತಾಯ್ತು, ಬಿಡಿ. ಮದುವೆಗೆ ಬೇರೆ ವಂಡಿ ನೋಡ್ಕೋತೀನಿ. ಮಗು ಆದ ಮೇಲೆ ಒಂದು ಫೋನ್ ಮಾಡಿ" ಎಂದು ಬಂದ ಆಟೋದಲ್ಲೇ ಹೊರಟರು.

ಮಾದಮ್ಮ ನನ್ನನ್ನು ನೋಡಿ ಗಂಡನಿಗೆ, "ಆಹಾ, ಸುಳ್ಳು ಅಂದ್ರೆ ಇದು, ನೋಡ್ಕೊ! ಓದ್ದೋರು ಓದ್ದೋರೇ" ಎಂದಳು. ವೃತ್ತಿಜೀವನದಲ್ಲಿ ನನಗೆ ಸಿಕ್ಕ ಪ್ರಶಂಸೆಗಳಲ್ಲಿ ಇಷ್ಟು ಮನಃಪೂರ್ವಕವಾದದ್ದು ಇನ್ನೊಂದಿಲ್ಲ.

ಊರು ಚದುರಿದ ಮೇಲೆ ನಾನು ಸರೋಜಳ ಮುಂದೆ ಭಾರವಾದ ಮನಸ್ಸಿನಿಂದ ಕೂತೆ. ಇಷ್ಟು ವರ್ಷದ ಶಿಸ್ತನ್ನು ಒಂದು ವಾಕ್ಯದಲ್ಲಿ ಕಳೆದುಕೊಂಡೆ, ಆದರೂ ಬೇರೆ ದಾರಿಯಿರಲಿಲ್ಲ ಎಂದು ವಿವರಿಸಿದೆ. ಸ್ವಲ್ಪ ಗಂಭೀರವಾಗಿಯೇ ವಿವರಿಸಿದೆನೆಂದು ಕಾಣುತ್ತದೆ. ಅವಳು ಉತ್ತರಪತ್ರಿಕೆಯಿಂದ ತಲೆಯೆತ್ತಿ, "ದಾರಿ ಇತ್ತಲ್ಲ. ಗಾಡಿ ನನ್ನ ಹೆಸರಲ್ಲಿದೆ. ಸಹಿ ಹಾಕಬೇಕಾದವಳು ನಾನು. ಮಾದಮ್ಮ ಬಂದು ಹೋದ ಮೇಲೂ ಹಾಕ್ತೀನಿ ಅಂದುಕೊಂಡಿದ್ರಾ?" ಎಂದಳು.

"ಮತ್ತೆ ಮೊದಲೇ ಹೇಳಬಾರದಿತ್ತಾ?"

"ನೀವು ಕೇಳಲಿಲ್ಲ. ವರದಿಗಾರರು, ಕೇಳ್ತೀರಿ ಅಂತ ಕಾದೆ" ಎಂದು ಯಾವುದೋ ಮಗುವಿನ ತಪ್ಪಿಗೆ ಕೆಂಪು ಗೀಟು ಎಳೆದಳು.

ಮೂರು ವಾರದ ನಂತರ ಒಂದು ಮಧ್ಯಾಹ್ನ, ನಾನು ಊಟಕ್ಕೆ ಕೂತಿದ್ದಾಗ, ಮಾದಮ್ಮ ಬಾಗಿಲಲ್ಲಿ ನಿಂತು ಬರೀ ಕೈ ಬೀಸಿದಳು. ಗಾಡಿ ಮೊದಲ ಕೀಲಿಗೇ ಎದ್ದಿತು. ಅಷ್ಟು ನೋವಿನಲ್ಲೂ ಮಂಗಳ ಬಾಗಿಲ ಬಳಿ ಬಗ್ಗಿ ಚಪ್ಪಲಿ ಕಳಚಲು ನೋಡಿದಳು. "ಹಾಗೇ ಹತ್ತಮ್ಮ" ಎಂದು ನಾನು ಕೂಗಿದೆ, ಸಿದ್ದನೂ ಕೂಗಿದ. ಅವಳು ಕಳಚಿಯೇ ಹತ್ತಿದಳು. ಚಾಮರಾಜನಗರದ ಆಸ್ಪತ್ರೆ ಮುಟ್ಟುವವರೆಗೆ ಗಾಡಿ ಎಲ್ಲಿಯೂ ನಿಲ್ಲಲಿಲ್ಲ. ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ. ಚೆನ್ನಿಯಪ್ಪನವರಿಗೆ ಫೋನ್ ಮಾಡಿದ ವಾರದಲ್ಲಿ ಸತ್ಯಮಂಗಲದ ಬಸ್ಸಿನಲ್ಲಿ ಒಂದು ಪೊಟ್ಟಣ ಬಂತು. ಮೆತ್ತನೆಯ ಹತ್ತಿ ಬಟ್ಟೆ, ಒಂದು ನೂಲೂ ಕಡಿಯದ್ದು. ನಾವು ಆಸ್ಪತ್ರೆಯಿಂದ ಮರಳಿದಾಗ ಮಂಗಳಳ ಚಪ್ಪಲಿ ರಸ್ತೆ ಬದಿಯಲ್ಲಿ ಅವಳು ಬಿಟ್ಟಂತೆಯೇ ಇತ್ತು.

ಆದರೂ ತಪ್ಪು ತಪ್ಪೇ. ಅದಕ್ಕೇ ಡೆಸ್ಕಿನ ನಮೂನೆಯಲ್ಲಿ ಬರೆದಿಟ್ಟಿದ್ದೇನೆ: ‘ತಿದ್ದುಪಡಿ. ಜಪಾನಿನ ಗಾಡಿಯೊಂದು ದಿಂಬಂ ಘಾಟಿಯಲ್ಲಿ ತಾನಾಗಿ ನಿಲ್ಲುತ್ತದೆ ಎಂದು ಅದರ ಮಾಲೀಕರು ಪಣಕಹಳ್ಳಿಯಲ್ಲಿ ಹೇಳಿದ್ದು ಸರಿಯಲ್ಲ. ಗಾಡಿ ಎಂದೂ ನಿಂತಿಲ್ಲ. ಹಾಗೆ ಹೇಳಿದವರು ಅದರ ಮಾಲೀಕರೂ ಅಲ್ಲ.’ ಇದರ ಕೊನೆಗೆ ‘ತಪ್ಪಿಗೆ ವಿಷಾದಿಸುತ್ತೇವೆ’ ಎಂಬ ಸಾಲು ಇರಬೇಕಾದದ್ದು ಪತ್ರಿಕೆಯ ನಿಯಮ. ಬರೆದು, ಯೋಚಿಸಿ, ಹೊಡೆದುಹಾಕಿದೆ. ಆ ಸಾಲು ಅಚ್ಚಾದರೆ ನಾನು ನಾಲ್ಕನೆಯ ತಿದ್ದುಪಡಿ ಬರೆಯಬೇಕಾಗುತ್ತದೆ.