ಮೂರು ತಾಲೂಕು ಕೇಳಿದ ಪಾಠ

ನನ್ನ ಕೆಲಸವೇನೆಂದು ಯಾರಾದರೂ ಕೇಳಿದರೆ ನಾನು ಮೊದಲು ಸ್ವಲ್ಪ ಕೆಮ್ಮುತ್ತೇನೆ. ಕಂಡಕ್ಟರ್, ಕಂಪೌಂಡರ್, ತಲಾಠಿ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವ ಪುಣ್ಯವಂತರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನ್ನದು ‘ದೂರಶಿಕ್ಷಣ ಸಂಯೋಜಕ’. ಅಸಲಿಗೆ ನಾನು ಕನ್ನಡ ಮಾಸ್ತರ. ಗೋಕಾಕ ಫಾಲ್ಸ್ ಹತ್ತಿರದ ಹೈಸ್ಕೂಲಿನಲ್ಲಿ ಸಂಧಿ ಸಮಾಸ ಬಿಡಿಸಿಕೊಂಡು ಸುಖವಾಗಿದ್ದವನು. ಒಮ್ಮೆ ಯಾವುದೋ ತರಬೇತಿಯಲ್ಲಿ ಪ್ರೊಜೆಕ್ಟರ್ ಕೆಟ್ಟಿತೆಂದು ಎಲ್ಲರೂ ಕೈಕಟ್ಟಿ ಕುಳಿತಾಗ, ಕಳಚಿಬಿದ್ದಿದ್ದ ಪ್ಲಗ್ಗನ್ನು ನಾನು ಎತ್ತಿ ಚುಚ್ಚಿದೆ. ಹಾಳೂರಿಗೆ ಉಳಿದವನೇ ಗೌಡ ಎನ್ನುವ ಹಾಗೆ ಅಂದೇ ನಾನು ತಂತ್ರಜ್ಞಾನ ಬಲ್ಲವನಾದೆ. ಘಟಪ್ರಭಾದಲ್ಲಿರುವ ನಮ್ಮ ಕಾಕಾ ಅವರಂತೂ ನಾನು ಟಿವಿ ರಿಪೇರಿ ಮಾಡುತ್ತೇನೆಂದೇ ನಂಬಿದ್ದಾರೆ. ಒಂದು ದಿನ ರಿಮೋಟನ್ನು ಕ್ಯಾರಿಬ್ಯಾಗಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಬಂದರು. “ಆವಾಜ ಬಟನ್ ಹತ್ತವಲ್ದು, ನೋಡಪಾ. ನಿಂದ ಇದ ಕೆಲಸ ಅಲ್ಲೇನು?” ಎಂದರು. ನಾನು ಸೆಲ್ಲು ಬದಲಿಸಿ ಕೊಟ್ಟೆ. ಅದು ನಡೆಯಿತು. ನನ್ನ ನೌಕರಿಯಲ್ಲಿ ನಾನು ಪೂರ್ತಿಯಾಗಿ ಬಗೆಹರಿಸಿದ ಮೊದಲ ಸಮಸ್ಯೆ ಅದು.

ಕೆಲಸ ಕೇಳಲು ಸರಳ. ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ತಾಲೂಕುಗಳ ಕೆಲವು ಹೈಸ್ಕೂಲುಗಳಲ್ಲಿ ಗಣಿತ ಕಲಿಸುವವರಿಲ್ಲ. ಅದಕ್ಕೆ ಒಬ್ಬ ಒಳ್ಳೆಯ ಟೀಚರನ್ನು ಗೋಕಾಕದ ನಮ್ಮ ಕಚೇರಿಯ ಹಿಂದಿನ ಕೋಣೆಯಲ್ಲಿ ಕ್ಯಾಮೆರಾ ಮುಂದೆ ನಿಲ್ಲಿಸುವುದು. ಅವರು ಇಲ್ಲಿ ಕಲಿಸಿದ್ದನ್ನು ಆ ಶಾಲೆಗಳ ಮಕ್ಕಳು ಗೋಡೆಯ ಮೇಲೆ ನೋಡಿ ಕಲಿಯುವುದು. ಮೂಡಲಗಿಯ ಕಡೆಯಿಂದ ಮಹಾದೇವಪ್ಪನವರು, ಹುಕ್ಕೇರಿಯ ಕಡೆಯಿಂದ ಸುರೇಖಾ ಮೇಡಂ ತಮ್ಮ ತಮ್ಮ ಶಾಲೆಗಳನ್ನು ನೋಡಿಕೊಳ್ಳುತ್ತಾರೆ. ಗೋಕಾಕದ ಶಾಲೆಗಳನ್ನು ನೋಡಿಕೊಂಡು, ಮೂರೂ ತಾಲೂಕುಗಳನ್ನು ಒಂದು ಗಂಟಿನಲ್ಲಿ ಕಟ್ಟುವುದು ನನ್ನ ಪಾಲು. ಮದುವೆಗೆ ಮುಹೂರ್ತ ಇಡುವ ಶಾಸ್ತ್ರಿಗಳಿಗೆ ಗ್ರಹಗಳು ಕೂಡಿಬಂದರೆ ಸಾಕು. ನನಗೆ ಮೂರು ತಾಲೂಕುಗಳ ಲೈನ್‌ಮನ್‌ಗಳು ಕೂಡಿಬರಬೇಕಿತ್ತು. ಗೋಕಾಕದಲ್ಲಿ ಕರೆಂಟ್ ಬಂದಾಗ ಹುಕ್ಕೇರಿಯಲ್ಲಿ ಹೋಗುತ್ತಿತ್ತು, ಎರಡೂ ಕಡೆ ಬಂದಾಗ ಮೂಡಲಗಿಯಲ್ಲಿ ಕಂಬ ದುರಸ್ತಿ. ಅದರಲ್ಲೂ ಮೂಡಲಗಿ ಮೊನ್ನೆ ಮೊನ್ನೆಯ ತನಕ ಗೋಕಾಕದೊಳಗೇ ಇದ್ದು ಈಗ ಬೇರೆಯಾದ ತಾಲೂಕು. ಬೇರೆಯಾದ ತಮ್ಮನ ಮನೆಗೆ ಫೋನು ಮಾಡುವಾಗ ಅಣ್ಣನಾದವನು ದನಿ ತಗ್ಗಿಸಲೇಬೇಕು. “ನೋಡ್ರಿ ಸರ್, ನಾವೇನ ಈಗ ನಿಮ್ಮ ಕೈಕೆಳಗ ಇಲ್ಲ. ಹೇಳೂದಿದ್ರ ಪ್ರೀತಿಲೇ ಹೇಳ್ರಿ” ಎಂದು ಮಹಾದೇವಪ್ಪನವರು ಮೊದಲ ದಿನವೇ ನಗುತ್ತ ಹೇಳಿಬಿಟ್ಟಿದ್ದರು. ನಾನು ಪ್ರೀತಿಯಿಂದಲೇ ಹೇಳುತ್ತ ಬಂದಿದ್ದೇನೆ.

ಅಂತೂ ಮೂರನೇ ಪಿರಿಯಡ್ಡಿಗೆ ಮುಹೂರ್ತ ಕೂಡಿತು. ಆಮೇಲೆ ಸಪ್ಪಳದ ಕಾಟ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್‌ನವರು ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹೊಲದಲ್ಲಿ ಉಳಿದ ಕಬ್ಬಿಗೂ ಕೇಳುವ ಹಾಗೆ ಹಾಡು ಹಚ್ಚಿಕೊಂಡು ಹೋಗುತ್ತಾರೆ. ಮೂಡಲಗಿ ಕಡೆಯ ಒಂದು ಶಾಲೆಯ ಮುಂದೆ ಹಾಗೆ ಹೋದ ಹಾಡು ಅಲ್ಲಿಯ ಮೈಕಿನೊಳಗೆ ಹೊಕ್ಕು, ನಮ್ಮ ಕೋಣೆಗೆ ಬಂದು, ಹುಕ್ಕೇರಿಗೂ ತಲುಪಿತು. ಅಲ್ಲಿಯ ಮಕ್ಕಳೆಲ್ಲ ಪ್ರಮೇಯಕ್ಕೆ ತಲೆಯಾಡಿಸತೊಡಗಿದರು. ಅಂದಿನಿಂದ ಶಾಲೆಗಳ ಮೈಕು ಮುಚ್ಚಿರಬೇಕು, ಮಾತಾಡುವಾಗ ಮಾತ್ರ ತೆರೆಯಬೇಕು ಎಂದು ನಿಯಮ ಮಾಡಿದೆ. ನಮ್ಮ ಕೋಣೆಯಲ್ಲೂ ದನಿ ಗುಂಯ್ ಎನ್ನುತ್ತಿತ್ತು. ಮನೆಯಿಂದ ಕೌದಿಗಳನ್ನು ಒಯ್ದು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆ. ನನ್ನ ಹೆಂಡತಿ ಸುಶೀಲಾ ಖಾಲಿ ಪೆಟ್ಟಿಗೆಯನ್ನೂ ನನ್ನನ್ನೂ ನೋಡಿ, “ಯಾಕ್ರಿ, ನಿಮ್ಮ ಆಫೀಸಿನ ಗ್ವಾಡಿಗೆ ಥಂಡಿ ಹತ್ತೇತೇನು?” ಎಂದು ಕೇಳಿದಳು. ಆ ಚಳಿಗಾಲವನ್ನು ನಾವು ಒಂದೇ ಕೌದಿಯಲ್ಲಿ ಕಳೆದೆವು. ಎಳೆದಾಟದಲ್ಲಿ ನನ್ನ ಪಾಲಿಗೆ ಬಂದದ್ದು ಬರೇ ಅಂಚು.

ಗಣಿತ ಕಲಿಸಲು ತಮ್ಮ ಶಾಲೆ ಬಿಟ್ಟು ಬಂದವರು ಇಂದುಮತಿ ಟೀಚರ್. ಅವರು ತ್ರಿಭುಜ ಬರೆದರೆ ಅದಕ್ಕೆ ಜೀವ ಬಂದು ತಾನೇ ತನ್ನ ಕೋನ ಹೇಳಬೇಕು, ಅಷ್ಟು ಚಂದ. ಪಾಠ ಮುಗಿದ ಮೇಲೆ ಕೈಯ ಸೀಮೆಸುಣ್ಣದ ಪುಡಿ ಝಾಡಿಸಿ, ಕ್ಯಾಮೆರಾದ ಕಡೆ ತಿರುಗಿ, “ಹೂಂ, ಕೇಳ್ರಿ” ಎನ್ನುವರು. ಎಂದು, ಕೈಕಟ್ಟಿ ಕಾಯುವರು. ಯಾರೂ ಒಂದು ಪ್ರಶ್ನೆ ಕೇಳುತ್ತಿರಲಿಲ್ಲ. ಎದುರಿನ ಪರದೆಯ ಮೇಲೆ ಮೂರು ತಾಲೂಕಿನ ಮಕ್ಕಳು ಅವರನ್ನು ಪಿಳಿಪಿಳಿ ನೋಡುತ್ತ ಕೂತಿರುತ್ತಿದ್ದರು. ಟೀಚರೂ ನೋಡುವರು. ಹೀಗೆ ನೋಡುವುದರಲ್ಲೇ ಗಂಟೆ ಬಾರಿಸುತ್ತಿತ್ತು. ದೀಪಾವಳಿಯ ನಂತರ ಒಂದು ದಿನ ಅವರು ನನ್ನ ಮೇಜಿನ ಮುಂದೆ ಬಂದು ಕೂತರು. “ಸರ್, ನನ್ನ ನಮ್ಮ ಸಾಲಿಗೆ ಕಳಿಸಿಬಿಡ್ರಿ. ಅಲ್ಲಿ ಹುಡುಗರು ತಿಳೀಲಿಲ್ಲಂತ ಹೇಳಾಕರ ಬಾಯಿ ತಗೀತಾವ. ಇಲ್ಲಿ ನಿಮ್ಮ ಕೌದಿಗೆ ಗಣಿತ ಕಲಿಸಿಧಂಗ ಆಗೇತಿ” ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅವರು ಹೋದರೆ ಇನ್ನೊಬ್ಬರು ಸಿಗುವುದಿಲ್ಲ, ಅಷ್ಟೂ ಶಾಲೆಗಳ ಮಕ್ಕಳು ಗಣಿತವಿಲ್ಲದೆ ಎಸ್ಸೆಸ್ಸೆಲ್ಸಿಗೆ ಕೂಡಬೇಕು. “ಸ್ವಲ್ಪ ದಿನ ತಡೀರಿ ಟೀಚರ್” ಎಂದೆ. ತಡೆದರೆ ಏನಾಗುತ್ತದೆಂದು ನನಗೂ ಗೊತ್ತಿರಲಿಲ್ಲ.

ಅದೇ ದಿನಗಳಲ್ಲಿ ಇನ್ನೊಂದು ತಕರಾರು ಬರುತ್ತಿತ್ತು. ಹೆಡ್‌ಮಾಸ್ತರರು ಒಬ್ಬರಾದ ಮೇಲೊಬ್ಬರು ಫೋನು ಮಾಡಿ, “ಸರ್, ಪಾಠ ಮುಗಿಯೂ ಹೊತ್ತಿಗೆ ಸೌಂಡ್ ಹೋಗಿಬಿಡ್ತೈತ್ರಿ. ಟೀಚರ್ ನಿಂತದ್ದು ಕಾಣತೈತಿ, ದನಿ ಬರೂದಿಲ್ಲ. ದಿನಾ ಅದ ಟೈಮಿಗೆ” ಎನ್ನುವರು. ನಾನು ಮೆಕ್ಯಾನಿಕ್ಕನ್ನು ಕರೆಸಿ ಕೇಬಲ್ ಬದಲಿಸಿದೆ, ಮೈಕು ಬದಲಿಸಿದೆ, ಕೌದಿಗಳನ್ನು ಕೂಡ ಬಲಗಡೆಯವನ್ನು ಎಡಕ್ಕೆ ಹಾಕಿ ನೋಡಿದೆ. ಪಾಠದ ಕೊನೆಗೆ ದನಿ ಹೋಗುವುದು ನಿಲ್ಲಲಿಲ್ಲ. ಎರಡೂ ತಕರಾರುಗಳು ಒಂದೇ ಮೇಜಿಗೆ, ಒಂದೇ ಕಿವಿಗೆ ಬರುತ್ತಿದ್ದವು. ಜೋಡಿಸುವುದಕ್ಕೆಂದೇ ಸರಕಾರ ನನಗೆ ಪಗಾರ ಕೊಡುತ್ತದೆ. ನಾನು ಮಾತ್ರ ಅವೆರಡನ್ನು ಬೇರೆ ಬೇರೆ ಇಟ್ಟುಕೊಂಡು ಎರಡು ಪಟ್ಟು ಚಿಂತೆ ಮಾಡಿದೆ.

ಇಂಥದರಲ್ಲಿ ಮೇಲಿನ ಸಾಹೇಬರ ಫೋನು ಬಂತು. “ಏನ್ರಿ, ನಿಮ್ಮ ದೂರದ ಪಾಠ ಹೆಂಗ ನಡದೈತಿ? ಮಕ್ಕಳು ಕೇಳ್ತಾರೋ ಇಲ್ಲೋ?” ಎಂದರು.

“ಭಾಳ ಛಲೋ ಕೇಳ್ತಾರ್ರಿ ಸರ್” ಎಂದೆ. ಸುಳ್ಳೇನೂ ಅಲ್ಲ, ಮಿಸುಕಾಡದೆ ಕೂತು ಕೇಳುತ್ತಿದ್ದರು.

“ಎಷ್ಟ ಮಂದಿ ಕೇಳ್ತಾರ?”

“ಎಲ್ಲಾರೂ ರೀ. ಮೂರೂ ತಾಲೂಕು.”

“ಒಂದ ಪಿರಿಯಡ್‌ನ್ಯಾಗ ಎಲ್ಲಾರೂ ಕೇಳಾಕ ಟೈಮ್ ಹೆಂಗ ಸಾಲತೈತ್ರಿ?”

ಪ್ರಶ್ನೆ ವಿಚಿತ್ರ ಎನಿಸಿತು. ಆದರೆ ಸಾಹೇಬರ ಪ್ರಶ್ನೆಗಳು ವಿಚಿತ್ರವಾಗಿಯೇ ಇರಬೇಕೆಂದು ನಾನು ತಿಳಿದಿದ್ದೆ. “ಒಮ್ಮೆಲೇ ಎಲ್ಲಾರೂ ಕೂಡೇ ಕೇಳ್ತಾರ್ರಿ ಸರ್” ಎಂದೆ.

“ಭಲೇ! ಎಲ್ಲಾರಿಗೂ ಟೀಚರ್ ಹೆಂಗ ಉತ್ತರ ಕೊಡ್ತಾರ ನಾನ ಬಂದು ನೋಡ್ತೇನಿ. ಗುರುವಾರ ಬಂದೆ” ಎಂದು ಅವರು ಫೋನಿಟ್ಟರು. ಇಟ್ಟ ಮೇಲೂ ‘ಉತ್ತರ’ ಎಂಬ ಮಾತು ನನ್ನ ಕಿವಿಯಲ್ಲಿ ಉಳಿಯಿತು. ಅವರು ವಿಚಾರಿಸಿದ್ದು ಪ್ರಶ್ನೆ ಕೇಳುವುದನ್ನು, ನಾನು ಹೇಳಿದ್ದು ಪಾಠ ಕೇಳುವುದನ್ನು. ವರ್ಷಗಟ್ಟಲೆ ನಾನಾರ್ಥ ಪದಗಳನ್ನು ಕಲಿಸಿದ ಕನ್ನಡ ಮಾಸ್ತರ ನಾನು! ಆಗಲಾದರೂ ನನಗೆ ಮಿಕ್ಕದ್ದೆಲ್ಲ ಹೊಳೆಯಬೇಕಿತ್ತು. ಹೆದರಿದವನಿಗೆ ಏನೂ ಹೊಳೆಯುವುದಿಲ್ಲ.

ಮಹಾದೇವಪ್ಪನವರಿಗೂ ಸುರೇಖಾ ಮೇಡಂ ಅವರಿಗೂ ಒಟ್ಟಿಗೇ ಫೋನು ಹಚ್ಚಿ, ಪ್ರತಿ ತಾಲೂಕಿನ ಒಂದು ಮಗುವಿಗೆ ಒಂದು ಪ್ರಶ್ನೆ ಬಾಯಿಪಾಠ ಮಾಡಿಸೋಣ ಎಂದೆ. ಸುರೇಖಾ ಮೇಡಂ ನೇರ ಹೆಣ್ಣುಮಗಳು. “ಹಿಂಗ ಸುಳ್ಳ ಪ್ರಶ್ನೆ ಕೇಳಸೂದು ಸರಿ ಅಲ್ರಿ ಸರ್” ಎಂದರು. ಅದೇ ಉಸಿರಿನಲ್ಲಿ, “ಕೇಳಸೂದ ಆದರ ಮೊದಲನೇದು ಹುಕ್ಕೇರಿದು ಇರಲಿ. ಅಕ್ಷರಮಾಲಿ ಪ್ರಕಾರ ನಾವು ಯಾವಾಗಲೂ ಕಡೀಕ” ಎಂದು ಸೇರಿಸಿದರು. ಮಹಾದೇವಪ್ಪನವರು, “ಹೊಸಾ ತಾಲೂಕಿಗೆ ಮೊದಲ ಮಾನ ಕೊಡೂದು ಪದ್ಧತಿ ಅಲ್ಲೇನ್ರಿ?” ಎಂದರು. ಪ್ರಶ್ನೆ ಯಾವುದಿರಬೇಕೆಂದು ಕ್ಷಣದಲ್ಲಿ ತೀರ್ಮಾನವಾಯಿತು, ಯಾರು ಮೊದಲು ಎನ್ನುವುದಕ್ಕೆ ಸಂಜೆಯಾಯಿತು. ಕೊನೆಗೆ ಹುಕ್ಕೇರಿ, ಮೂಡಲಗಿ, ಗೋಕಾಕ ಎಂದಾಯಿತು. ಇಂದುಮತಿ ಟೀಚರಿಗೆ ಮಾತ್ರ ಹೇಳಲಿಲ್ಲ. ಹೇಳಿದ್ದರೆ ಅಂದೇ ಗಂಟು ಕಟ್ಟುತ್ತಿದ್ದರು.

ಗುರುವಾರ ಸಾಹೇಬರು ಬಂದರು, ಕೌದಿಯ ಕೆಳಗೆ ಕುರ್ಚಿ ಹಾಕಿಕೊಂಡು ಕೂತರು. ದೇವರ ದಯೆ, ಮೂರೂ ಕಡೆ ಕರೆಂಟಿತ್ತು. ಪಾಠ ಸೊಗಸಾಯಿತು. ಟೀಚರ್ ಕೈ ಝಾಡಿಸಿ, “ಹೂಂ, ಕೇಳ್ರಿ” ಎಂದು ಕೈಕಟ್ಟಿದರು. ನಾನು ಪರದೆಯ ಮೇಲಿನ ಹುಕ್ಕೇರಿಯ ಚೌಕವನ್ನೇ ನೋಡುತ್ತ ಕೂತೆ. ಬಾಯಿಪಾಠದ ಹುಡುಗ ಏಳಲಿಲ್ಲ. ಬದಲಿಗೆ ಅಲ್ಲಿಯ ಮಾಸ್ತರರೊಬ್ಬರು ಎದ್ದು ಸ್ಪೀಕರ್ ಡಬ್ಬಿಯೊಳಗೆ ತಲೆ ತೂರಿಸಿದರು. ಮೂಡಲಗಿಯ ಹೆಡ್‌ಮಾಸ್ತರರು ಬೆಂಚಿನ ಮೇಲೆ ಹತ್ತಿ ವಾಯರು ಅಲುಗಾಡಿಸತೊಡಗಿದರು. ಗೋಕಾಕದ ಶಾಲೆಯಲ್ಲಿ ಗಂಟೆ ಬಾರಿಸುವ ಸಿಪಾಯಿ ಯಂತ್ರದ ನೆತ್ತಿಗೆ ಮೆಲ್ಲಗೆ ಎರಡೇಟು ಕೊಟ್ಟ. “ಏನ್ ಮಾಡಾಕತ್ತಾರ್ರಿ ಅವರೆಲ್ಲಾ?” ಎಂದು ಸಾಹೇಬರು ಕೇಳಿದರು.

ಅಷ್ಟರಲ್ಲಿ ಅರಭಾವಿ ಕಡೆಯ ಒಂದು ಶಾಲೆಯ ಮೈಕು ತೆರೆಯಿತು. ಎರಡು ಜಡೆಯ ಒಬ್ಬ ಹುಡುಗಿ ಎದ್ದು ನಿಂತಿದ್ದಳು. “ಟೀಚರ್, ಸೌಂಡ್ ಹೋಗಿಲ್ರಿ. ನಿಮ್ಮ ಫ್ಯಾನಿನ ಸಪ್ಪಳ ನಮಗ ಕೇಳಾಕತ್ತೈತಿ. ನೀವ ಸುಮ್ಮನ ನಿಂತೀರಿ. ದಿನಾ ಕೇಳ್ರಿ ಅಂತೀರಿ, ನಾವು ಕೇಳ್ಕೋತ ಕುಂಡ್ರತೇವಿ, ಮತ್ತ ನೀವು ಏನೂ ಹೇಳೂದ ಇಲ್ಲ. ನಮ್ಮ ಮ್ಯಾಲ ಸಿಟ್ಟ ಬಂದೈತೇನ್ರಿ ಟೀಚರ್?”

ಇಂದುಮತಿ ಟೀಚರ್ ಹಣೆ ಹಣೆ ಬಡಿದುಕೊಂಡು ನಗತೊಡಗಿದರು. “ಅಯ್ಯ ನನ್ನ ಬಂಗಾರ, ಕೇಳ್ರಿ ಅಂದ್ರ ಪ್ರಶ್ನೆ ಕೇಳ್ರಿ ಅಂತವಾ! ನಿಮ್ಮ ಮ್ಯಾಲ ಯಾಕ ಸಿಟ್ಟ ಬರತೈತಿ?” ಎಂದರು. ಎದುರಿಗಿದ್ದಿದ್ದರೆ ಅವರ ಕೈಸನ್ನೆ, ಹುಬ್ಬಿನ ಸನ್ನೆ ನೋಡಿ ಎಂಥ ಮಗುವಿಗೂ ತಿಳಿಯುತ್ತಿತ್ತು. ಗೋಡೆಯ ಮೇಲಿನ ಅಂಗೈಯಗಲದ ಮುಖದಲ್ಲಿ ಹುಬ್ಬು ಎಲ್ಲಿ ಕಾಣಬೇಕು? ಆಮೇಲೆ ಒಂದೊಂದಾಗಿ ಶಾಲೆಗಳ ಮೈಕುಗಳು ತೆರೆದವು. ಮೊದಲ ಪ್ರಶ್ನೆ, “ಟೀಚರ್, ಮೊದಲನೇ ಪಾಠದಿಂದ ಏನೂ ತಿಳದಿಲ್ರಿ” ಎಂಬುದು. ಅದನ್ನು ಕೇಳಿ ಯಾವ ಟೀಚರೂ ಅಷ್ಟು ಸಂತೋಷಪಟ್ಟಿರಲಾರರು. ಬಿಸಿಯೂಟದ ಗಂಟೆ ಬಾರಿಸಿತು, ಯಾರೂ ಏಳಲಿಲ್ಲ. ನಡುವೆ ಒಂದು ಟ್ರ್ಯಾಕ್ಟರ್ ಹಾಡುತ್ತ ಹೋಯಿತು, ಯಾರೂ ತಲೆಯಾಡಿಸಲಿಲ್ಲ. ಎಲ್ಲ ಮುಗಿಯುವ ಹೊತ್ತಿಗೆ ಹುಕ್ಕೇರಿಯ ಹುಡುಗ ಎದ್ದು ತನ್ನ ಬಾಯಿಪಾಠದ ಪ್ರಶ್ನೆಯನ್ನು ನಿಷ್ಠೆಯಿಂದ ಒಪ್ಪಿಸಿದ. ಅಕ್ಷರಮಾಲೆ ಕೊನೆಗೂ ಬಿಡಲಿಲ್ಲ. ಹೊರಗೆ ಬಂದ ಟೀಚರ್ ನೀರು ಕುಡಿದು, “ನಾಳೆ ಒಂದನೇ ಪಾಠದಿಂದ ಮತ್ತ ಸುರು ಮಾಡ್ತೇನ್ರಿ ಸರ್” ಎಂದರು. ತಮ್ಮ ಶಾಲೆಗೆ ಕಳಿಸಿರೆಂಬ ಮಾತು ಎತ್ತಲಿಲ್ಲ. ನನಗೆ ಆದ ಆನಂದಕ್ಕೆ ಅಂದು ಸಾಹೇಬರಿಗೆ ಎರಡು ಸಲ ಚಹಾ ತರಿಸಿದೆ.

ಅದೇ ತಪ್ಪಾಯಿತು. ಎರಡನೇ ಚಹಾ ಕುಡಿಯುತ್ತ ಅವರು, “ಅಲ್ರಿ, ನೀವು ಕನ್ನಡ ಮಾಸ್ತರ ಅಲ್ಲೇನು? ಆ ಸಾಲಿಗೋಳೊಳಗ ಕನ್ನಡದವರೂ ಎಲ್ಲಾ ಕಡೆ ಇಲ್ಲ. ಶನಿವಾರ ನೀವೂ ಒಂದು ಪಾಠ ಮಾಡಬಾರದ್ಯಾಕ?” ಎಂದು ಬಿಟ್ಟರು. ನನಗೂ ಒಳಗೊಳಗೇ ಹಿಗ್ಗು. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಹಳ ವಿಚಾರ ಮಾಡಿ ನಾನಾರ್ಥ ಪದಗಳ ಪಾಠವನ್ನೇ ಆರಿಸಿಕೊಂಡೆ. ನನ್ನ ಮಟ್ಟಿಗೆ ಅಮೋಘವಾಗಿ ಕಲಿಸಿದೆ. ಮುಗಿಸುವಾಗ ‘ಕೇಳ್ರಿ’ ಎನ್ನಲಿಲ್ಲ, ಅಷ್ಟು ಬುದ್ಧಿ ಬಂದಿತ್ತು. “ನಿಮಗೆ ಪ್ರಶ್ನೆಗಳಿದ್ದರೆ ಕೈ ಎತ್ತಿ, ಮೈಕು ತೆರೆದು ಮಾತನಾಡಿರಿ” ಎಂದು ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದೆ. ಹೇಳಿದ್ದೇ ತಡ, ಮೂರೂ ತಾಲೂಕುಗಳಲ್ಲಿ ಕೈಗಳು ಎದ್ದವು. ನನ್ನ ಎದೆ ತುಂಬಿ ಬಂತು. ಈ ಸಲ ಹುಕ್ಕೇರಿಗೇ ಮೊದಲ ಮಾನ ಇರಲೆಂದು ಅಲ್ಲಿಯ ಒಬ್ಬ ಹುಡುಗಿಗೆ ಕೈ ತೋರಿಸಿದೆ.

“ಸರ್, ಗಣಿತದ ಟೀಚರ್ ಯಾವಾಗ ಬರ್ತಾರ್ರಿ?” ಎಂದು ಅವಳು ಕೇಳಿದಳು.

ಗೋಕಾಕ, ಮೂಡಲಗಿ, ಹುಕ್ಕೇರಿಗಳಲ್ಲಿ ಎದ್ದಿದ್ದ ಉಳಿದ ಕೈಗಳೆಲ್ಲ ಒಮ್ಮೆಲೇ ಕೆಳಗಿಳಿದವು. ಎಲ್ಲರ ಪ್ರಶ್ನೆಯೂ ಅದೇ ಆಗಿತ್ತು. ಮೂರು ತಾಲೂಕುಗಳ ಸಂಯೋಜನೆ ಇಷ್ಟು ಚೆನ್ನಾಗಿ ನನ್ನ ಕೈಯಿಂದ ಹಿಂದೆಂದೂ ಆಗಿರಲಿಲ್ಲ.