ಆಮೆನ್ ಎಂದು ಸಿಕ್ಕಿಬಿದ್ದದ್ದು

ಅರ್ಥ ಗೊತ್ತಿಲ್ಲದ ಪದ ಬಳಸಿ ಕೆಟ್ಟವರು ಬಹಳ ಮಂದಿ ಇರಬಹುದು. ಅರ್ಥ ಗೊತ್ತಿದ್ದೂ, ಅದನ್ನು ಮನೆಯಲ್ಲಿ ಕೂತು ವಿವರಿಸಿ, ಆಮೇಲೆ ಕೆಟ್ಟವನು ಇಡೀ ಮಲ್ಲತ್ತಹಳ್ಳಿಯಲ್ಲಿ ನಾನೊಬ್ಬನೇ ಇರಬೇಕು. ಯಾವ ಪದ ಕಿವಿಗೆ ಬಿದ್ದರೂ ಅದರ ಮೂಲ ಹುಡುಕುವ ಚಟ ನನ್ನದು. ನಿವೃತ್ತಿಯಾದ ಮೇಲೆ ಚಟಕ್ಕೆ ಪುರುಸೊತ್ತೂ ಜೊತೆಯಾಗಿದೆ. ನನ್ನ ಹೆಂಡತಿ ಶೈಲಜಾ, "ಸಾರಿಗೆ ಉಪ್ಪು ಸಾಕಾ?" ಎಂದು ಕೇಳಿದರೆ ನಾನು ಸಾರು ಎಂಬ ಪದ ಎಲ್ಲಿಂದ ಬಂತೆಂದು ಶುರುಮಾಡುತ್ತೇನೆ. ಉಪ್ಪನ್ನು ಅವಳೇ ನೋಡಿಕೊಳ್ಳುತ್ತಾಳೆ.

ಇಷ್ಟು ಬಾಯಿಯಿರುವ ನನಗೆ ಧೈರ್ಯ ಮಾತ್ರ ಅಷ್ಟಕ್ಕಷ್ಟೇ. ಹರ್ನಿಯಾ ಆಗಿದೆ, ಆಪರೇಷನ್ ಮಾಡಿಸಿಕೊಳ್ಳಿ, ಕರುಳು ಸಿಕ್ಕಿಕೊಂಡರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ್ದರು. ನಾನು ಆಷಾಢ ಕಳೆಯಲಿ ಎಂದೆ. ಆಷಾಢ ಕಳೆಯಿತು, ಶ್ರಾವಣದಲ್ಲಿ ಹಬ್ಬಗಳ ಸಾಲು ಎಂದೆ. ಆಮೇಲೆ ಪಿತೃಪಕ್ಷ ಬಂತು. ಹಿರಿಯರು ನಮ್ಮ ಮನೆಗೆ ಬರುವ ಹೊತ್ತಿನಲ್ಲಿ ನಾನೇ ಅವರ ಕಡೆ ಹೊರಟರೆ ಚೆನ್ನಾಗಿರುತ್ತದೆಯೇ ಎಂದೆ. ಜನ್ಮದಲ್ಲಿ ಪಂಚಾಂಗ ಮುಟ್ಟದವನು ಅದರ ಪರಮಭಕ್ತನಾದೆ. ಶೈಲಜಾ ಮೊದಲು ಬೈದಳು, ಆಮೇಲೆ ಬೈಯುವುದನ್ನೂ ಬಿಟ್ಟಳು. ಒಂದು ದಿನ ಅವಳು ಒಗ್ಗರಣೆಯ ಘಾಟಿನ ನೆಪದಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದನ್ನು ನೋಡಿದೆ. ತುಂಬ ಸಂಕಟವಾಯಿತು. ಆದರೂ ಆಪರೇಷನ್ ಎಂಬ ಮಾತು ಬಂದರೆ ಸಂಕಟವನ್ನು ಪಕ್ಕಕ್ಕೆ ತಳ್ಳಿ ಹೆದರಿಕೆಯೇ ಮುಂದೆ ಬರುತ್ತಿತ್ತು.

ಕೊನೆಗೆ ಅವಳು ತನ್ನ ಕಷ್ಟ ಹೇಳಿಕೊಂಡದ್ದು ಎದುರುಮನೆಯ ಸ್ಟೆಲ್ಲಾ ಮೇಡಂ ಹತ್ತಿರ. ಮೇಡಂ ಸ್ಕೂಲಿನಲ್ಲಿ ಟೀಚರಾಗಿದ್ದವರು. ಕ್ರಿಸ್‌ಮಸ್‌ಗೆ ಅವರು ಕೇಕು ಕಳಿಸುತ್ತಾರೆ, ಯುಗಾದಿಗೆ ನಾವು ಒಬ್ಬಟ್ಟು ಕಳಿಸುತ್ತೇವೆ. "ಭಾನುವಾರ ಬಂದು ಸಾರ್‌ಗೋಸ್ಕರ ಪ್ರಾರ್ಥನೆ ಮಾಡ್ತೀನಿ ಶೈಲಾ" ಎಂದರಂತೆ. ಪ್ರಾರ್ಥನೆ ಎಂದರೆ ಆಮೆನ್ ಅನ್ನಬೇಕಾಗುತ್ತದೆ. ಸರಿ, ನಾನು ಮೊಬೈಲು ಹಿಡಿದು ಕುಳಿತೆ. ಊಟದ ಹೊತ್ತಿಗೆ ಉಪನ್ಯಾಸ ಸಿದ್ಧವಾಗಿತ್ತು. "ಅದು ಹೀಬ್ರೂ ಪದ ಕಣೇ. ಗಟ್ಟಿ, ನಂಬಬಹುದಾದ್ದು ಅನ್ನೋ ಅರ್ಥದ ಧಾತುವಿಂದ ಬಂದಿದೆ. ಆಮೇಲೆ ಗ್ರೀಕಿಗೆ ಹೋಯ್ತು, ಲ್ಯಾಟಿನ್ನಿಗೆ ಹೋಯ್ತು. ಎಲ್ರೂ ಅದನ್ನ ಹಾಗೇ ಇಟ್ಕೊಂಡ್ರು. ಮಸೀದೀಲಿ ಆಮೀನ್ ಅಂತಾರಲ್ಲ, ಅದೂ ಇದರ ನೆಂಟನೇ. ಬರೀ ಹಾಗೇ ಆಗ್ಲಿ ಅಂತಲ್ಲ, ಈ ಮಾತು ನಿಜ, ಇದಕ್ಕೆ ನಾನೂ ಬದ್ಧ ಅಂತ. ನಮ್ಮ ತಥಾಸ್ತು ಇದ್ದ ಹಾಗೆ, ಆದ್ರೆ ಅಂದವನ ಮೇಲೂ ಜವಾಬ್ದಾರಿ!" ಶೈಲಜಾ ಎಂದೂ ಇಲ್ಲದ ಶ್ರದ್ಧೆಯಿಂದ ಕೇಳಿದಳು. ನನಗೆ ಅಲ್ಲೇ ಅನುಮಾನ ಬರಬೇಕಿತ್ತು.

ಭಾನುವಾರ ಮೇಡಂ ಬಂದು ಕಣ್ಣು ಮುಚ್ಚಿ, "ಪರಲೋಕದ ತಂದೆಯೇ" ಎಂದು ಆರಂಭಿಸಿದರು. ನಾನು ಬಲ್ಲದ್ದು ನಮ್ಮ ಮದುವೆ, ಗೃಹಪ್ರವೇಶಗಳ ಆಶೀರ್ವಾದ. ಅಲ್ಲಿ ಪುರೋಹಿತರು ಒಂದೊಂದು ವಾಕ್ಯ ಹೇಳಿ ನಿಲ್ಲಿಸಿದಾಗಲೂ ಸುತ್ತ ಕೂತವರು "ತಥಾಸ್ತು" ಎನ್ನಬೇಕು. ಸುಮ್ಮನಿದ್ದರೆ ಆಶೀರ್ವಾದಕ್ಕೇ ಕಳೆಯಿಲ್ಲ. ಮೇಡಂ, "ಈ ಕುಟುಂಬವನ್ನು ಕಾಪಾಡು" ಎಂದು ಉಸಿರೆಳೆದುಕೊಂಡರು. ನಾನು, "ಆಮೆನ್!" ಎಂದೆ. ಅವರು ಒಂದು ಕಣ್ಣು ತೆರೆದು ನೋಡಿ ಮುಂದುವರಿಸಿದರು. "ಸಹೋದರಿ ಶೈಲಜಳ ಕಣ್ಣೀರು ಒರೆಸು." "ಆಮೆನ್!" ನನಗೆ ಲಯ ಸಿಕ್ಕಿಬಿಟ್ಟಿತು. ಅರ್ಥ ಗೊತ್ತಿದ್ದವನ ಗತ್ತು ಬೇರೆ. "ಈ ಸಹೋದರನ ಹೆದರಿಕೆ ತೆಗೆದುಹಾಕು." "ಆಮೆನ್!" "ಇದೇ ವಾರ ಆಪರೇಷನ್ ಮಾಡಿಸಿಕೊಳ್ಳುವ ಮನಸ್ಸು ಕೊಡು." "ಆಮೆನ್!" ಇದನ್ನು ಎಲ್ಲಕ್ಕಿಂತ ಗಟ್ಟಿಯಾಗಿ ಕೂಗಿದೆ. ಮೇಡಂ ಹೇಳಿದ್ದೇನೆಂದು ತಲೆಗೆ ಹೋದದ್ದು ಆಮೇಲೆ.

ಪ್ರಾರ್ಥನೆ ಮುಗಿದು ಪಕ್ಕಕ್ಕೆ ತಿರುಗಿದರೆ ಶೈಲಜಾ ಆಸ್ಪತ್ರೆಗೆ ಫೋನು ಹಚ್ಚುತ್ತಿದ್ದಳು. "ಅಲ್ಲ ಕಣೇ, ಏನೋ ಬಾಯ್ತಪ್ಪಿ..." ಎಂದೆ. "ಅಂದವನ ಮೇಲೂ ಜವಾಬ್ದಾರಿ ಅಂತ ನೀವೇ ಹೇಳಿದ್ರಲ್ಲ? ದೇವರ ಹತ್ರ ಆಡಿದ ಮಾತಿಗೆ ತಪ್ತೀರಾ?" ಎಂದಳು. ದಿಕ್ಕು ಕಾಣದೆ ಮೇಡಂ ಮುಖ ನೋಡಿದೆ. "ನಮ್ಮಲ್ಲಿ ಕೊನೇಲಿ ಒಂದ್ಸಲ ಅಂದ್ರೂ ಸಾಕಿತ್ತು ಸಾರ್" ಎಂದು ಅವರು ನಗು ತಡೆದುಕೊಂಡರು. "ನೀವು ತಪ್ಪಿಸ್ಕೊಳ್ಳೋಕೆ ಸಂದೀನೇ ಬಿಡಲಿಲ್ಲ."

ಆ ಶುಕ್ರವಾರವೇ ನನಗೆ ಹಸಿರು ಅಂಗಿ ತೊಡಿಸಿ ಸ್ಟ್ರೆಚರಿನ ಮೇಲೆ ಮಲಗಿಸಿದರು. ಆಪರೇಷನ್ ಥಿಯೇಟರಿನ ಬಾಗಿಲವರೆಗೂ ಶೈಲಜಾ ಕೈ ಹಿಡಿದುಕೊಂಡೇ ಬಂದಳು. ಅಷ್ಟು ದಿನ ನನ್ನನ್ನು ದಬಾಯಿಸಿದವಳು, "ಏನೂ ತೊಂದರೆ ಆಗಲ್ಲ ಅಲ್ವಾ?" ಎಂದು ನರ್ಸನ್ನು ದಾರಿಯುದ್ದಕ್ಕೂ ಮೂರು ಸಲ ಕೇಳಿದಳು. ಮನೆಯಲ್ಲಿ ಹೆದರಿದ್ದವನು ನಾನೊಬ್ಬನೇ ಎಂದುಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು. "ಏನಾದ್ರೂ ಮಾತಾಡ್ರೀ" ಎಂದಳು. "ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀನು. ಕೆಳಗೆ ಹೋಗಿ ಇಡ್ಲಿನಾದ್ರೂ ತಿನ್ನು. ನಂಗೇನೂ ಆಗಲ್ಲ" ಎಂದೆ. ಅವಳು ನಗಲಿಲ್ಲ, ಕೆಣಕಲೂ ಇಲ್ಲ. ನನ್ನ ಬೆರಳುಗಳನ್ನು ಒಮ್ಮೆ ಬಿಗಿಯಾಗಿ ಅದುಮಿ, "ಆಮೆನ್" ಎಂದಳು. ಜೀವನದಲ್ಲಿ ಮೊದಲ ಬಾರಿಗೆ, ಒಂದು ಪದ ಕಿವಿಗೆ ಬಿದ್ದಮೇಲೂ ಬಾಯಿ ಮುಚ್ಚಿಕೊಂಡು ಒಳಗೆ ಹೋದೆ.